ಬಾಯ್ತಪ್ಪಿದ್ದು ಒಬ್ಬರು, ಎಳೆದಾಡಿದ್ದು ಯಾರು?

ಮಂಡ್ಯದ ಗೆಳೆಯರೇ,

ನಿಮ್ಮ ‘ಮಾರಿಕೊಂಡ ಮಾಧ್ಯಮ’ ಲೇಖನ ಓದಿದೆ. ಈಗಿರುವ ಹಾಗೆ ಹಾಕುವುದಕ್ಕೆ ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ಸಿಟ್ಟೂ ಚೆನ್ನಾಗಿದೆ. ಆಧಾರ ಇಲ್ಲ.

ನಿಮ್ಮ ವಾದ ಇಷ್ಟು: 2018ರ ವಿಧಾನಸಭಾ ಚುನಾವಣೆ ಹೊತ್ತಿಗೆ ರಾಹುಲ್ ಗಾಂಧಿ ವಿಶ್ವೇಶ್ವರಯ್ಯನವರ ಹೆಸರು ಹೇಳಲು ತಡವರಿಸಿದ್ದನ್ನು ಟಿವಿಯವರು ಎಳೆದಾಡಿದರು, ಬಿಜೆಪಿಯವರು ಬಾಯ್ತಪ್ಪಿದ್ದನ್ನು ಮುಚ್ಚಿಟ್ಟರು. ಮುಚ್ಚಿಟ್ಟರು ಅಂತ ಹೇಗೆ ಬರೆದಿರಿ? ಆ ವರ್ಷ ಮಾರ್ಚ್ 27ರಂದು ದಾವಣಗೆರೆಯ ಸುದ್ದಿಗೋಷ್ಠಿಯಲ್ಲಿ ಅಮಿತ್ ಶಾ, ಭ್ರಷ್ಟಾಚಾರದ ಸ್ಪರ್ಧೆ ಇಟ್ಟರೆ ಯಡಿಯೂರಪ್ಪ ಸರ್ಕಾರಕ್ಕೇ ಮೊದಲ ಸ್ಥಾನ ಎಂದುಬಿಟ್ಟರು. ಹೇಳಬೇಕಿದ್ದದ್ದು ಸಿದ್ದರಾಮಯ್ಯನವರ ಹೆಸರು. ಯಡಿಯೂರಪ್ಪ ಪಕ್ಕದಲ್ಲೇ ಕೂತಿದ್ದರು! ಜೊತೆಗಿದ್ದವರು ಎಚ್ಚರಿಸಿದ ಮೇಲೆ ಶಾ ತಿದ್ದಿಕೊಂಡರು. ಆ ತುಣುಕು ಅವತ್ತೇ ದೇಶವೆಲ್ಲ ಸುತ್ತಿತು. ಇದಕ್ಕೆ ಮುಚ್ಚಿಡುವುದು ಅಂತಾರಾ?

ಇನ್ನೊಂದು ನಿಮ್ಮ ಜಿಲ್ಲೆಯದೇ. ಅದೇ ಪ್ರಚಾರದಲ್ಲಿ ಸಿದ್ದರಾಮಯ್ಯ ಮಳವಳ್ಳಿಯಲ್ಲಿ ತಮ್ಮ ಅಭ್ಯರ್ಥಿ ನರೇಂದ್ರಸ್ವಾಮಿ ಅನ್ನುವ ಬದಲು ನರೇಂದ್ರ ಮೋದಿ ಅಂದರು. ತಕ್ಷಣ ತಿದ್ದಿಕೊಂಡು, ಅದರ ಮೇಲೇ ಒಂದು ತಮಾಷೆ ಮಾಡಿ ಮುಂದೆ ಹೋದರು. ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಮರೆತಿರೋ, ವಾದಕ್ಕೆ ಒಗ್ಗಲಿಲ್ಲವೋ. ಓದುಗರು ಕೇಳಿಯೇ ಕೇಳುತ್ತಾರೆ.

ವಿಶ್ವೇಶ್ವರಯ್ಯನವರ ವಿಷಯ ಯಾಕೆ ಅಷ್ಟು ದಿನ ಎಳೆಯಿತು? ನಿಮ್ಮ ಲೇಖನದ ಜೀವ ಇಲ್ಲಿದೆ, ನೀವು ಅದನ್ನು ಒಂದೇ ಸಾಲಿನಲ್ಲಿ ದಾಟಿದ್ದೀರಿ. ಮೇ 1ರಂದು ಮೋದಿ ಚಾಮರಾಜನಗರದ ಸಂತೇಮರಹಳ್ಳಿಯಲ್ಲಿ ಸವಾಲು ಹಾಕಿದರು: ರಾಹುಲ್ ಚೀಟಿ ನೋಡದೆ 15 ನಿಮಿಷ ಮಾತಾಡಲಿ, ವಿಶ್ವೇಶ್ವರಯ್ಯ ಅಂತ ಐದು ಸಲ ಹೇಳಲಿ. ಹಳೆಯ ತಡವರಿಕೆ ಮತ್ತೆ ಹೊಸ ಸುದ್ದಿಯಾಯಿತು. ಪ್ರಧಾನಿ ಹೇಳಿದ್ದನ್ನು ಪತ್ರಿಕೆ ಬಿಡುವ ಹಾಗಿಲ್ಲ, ಅಲ್ವಾ? ಅಂದರೆ ಎಳೆದಾಡಿದ್ದು ಬರೀ ಟಿವಿಯಲ್ಲ, ಎದುರಾಳಿ. ಹಾಗಂತ ಮಾಧ್ಯಮಕ್ಕೆ ಪಾಲೇ ಇಲ್ಲ ಅನ್ನುತ್ತಿಲ್ಲ. ಯಾರ ಕುಟುಕು ಮುಖಪುಟಕ್ಕೆ ಬರುತ್ತದೆ, ಯಾರದು ಒಳಪುಟದ ಮೂಲೆಗೆ ಹೋಗುತ್ತದೆ ಅಂತ ನೋಡಿ. ಪಕ್ಷಪಾತ ಇದ್ದರೆ ಅಲ್ಲಿ ಸಿಗುತ್ತದೆ.

ಊರಿನ ಲೆಕ್ಕವನ್ನೂ ಬಿಟ್ಟಿದ್ದೀರಿ. ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆಯ ನೀರಲ್ಲಿ ಗದ್ದೆ ಮಾಡುವ ಜನ, ಗೋಡೆ ಮೇಲೆ ನಾಲ್ವಡಿಯವರ ಪಕ್ಕ ವಿಶ್ವೇಶ್ವರಯ್ಯನವರ ಫೋಟೊ ಹಾಕಿಕೊಂಡವರು. ಆ ಹೆಸರಿಗೆ ತೊಡರಿದರೆ ಮಂಡ್ಯ, ಮೈಸೂರಿನ ಓದುಗರಿಗೆ ಅದು ದೊಡ್ಡ ಸುದ್ದಿಯೇ. ಅದಕ್ಕೆ ಪಕ್ಷಪಾತ ಬೇಕಿಲ್ಲ.

ನಾಲಿಗೆ ಹೊರಳದಿರುವುದು, ಇತಿಹಾಸ ತಪ್ಪು ಹೇಳುವುದು, ಬೈಯುವುದು, ಮೂರನ್ನೂ ನೀವು ಒಂದೇ ಚೀಲಕ್ಕೆ ತುಂಬಿದ್ದೀರಿ. ಮೋದಿ ಕಲಬುರಗಿಯಲ್ಲಿ 1948ರ ಕಾಶ್ಮೀರ ಯುದ್ಧದ ಮಾತಿಗೆ ರಕ್ಷಣಾ ಸಚಿವ ಕೃಷ್ಣ ಮೆನನ್ ಹೆಸರು ಎಳೆತಂದರು. ಆಗ ಆ ಖಾತೆ ಇದ್ದದ್ದು ಬಲದೇವ್ ಸಿಂಗ್ ಹತ್ತಿರ, ಮೆನನ್ ಬಂದದ್ದು 1957ರಲ್ಲಿ. 2017ರ ಡಿಸೆಂಬರಿನಲ್ಲಿ ಮಣಿಶಂಕರ್ ಅಯ್ಯರ್ ಮೋದಿಯವರನ್ನು ‘ನೀಚ’ ಅಂದರು, ಕಾಂಗ್ರೆಸ್ ಅವರನ್ನು ಅವತ್ತೇ ಅಮಾನತು ಮಾಡಿತು. ಇವನ್ನು ಉಚ್ಚಾರದ ತೊಡಕಿನ ಜೊತೆ ತೂಗಬೇಡಿ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಲೆಬನಾನಿನ ಬೇರುತ್‌ನಲ್ಲಿ ನಡೆದ ಹತ್ಯಾಕಾಂಡದ ಒಂದೇ ಟಿವಿ ವರದಿಗಳನ್ನು ಇಸ್ರೇಲ್ ಪರ ಇದ್ದವರಿಗೂ ಅರಬ್ಬರ ಪರ ಇದ್ದವರಿಗೂ ತೋರಿಸಿದರು. ವರದಿ ತಮ್ಮ ವಿರುದ್ಧ ವಾಲಿದೆ ಅಂತ ಎರಡೂ ಕಡೆಯವರಿಗೆ ಅನಿಸಿತು. 1985ರಲ್ಲಿ ಪ್ರಕಟವಾದ ಅಧ್ಯಯನ ಅದು. ನಿಮ್ಮ ಲೇಖನವನ್ನೇ ಒಬ್ಬ ಬಿಜೆಪಿ ಗೆಳೆಯರಿಗೆ ಓದಲು ಕೊಡಿ. ಪಕ್ಷದ ಹೆಸರು ಅದಲುಬದಲು ಮಾಡಿ, ಇದೇ ಮಾತನ್ನು ಅವರು ನಿಮಗೇ ಹೇಳಿಯಾರು.

ಈಗ ಮಾಡಬೇಕಾದ್ದು: ಸುಮ್ನೆ ‘ಮಾಧ್ಯಮ’ ಅನ್ನಬೇಡಿ. ಒಂದೇ ಪತ್ರಿಕೆ ಹಿಡಿಯಿರಿ. 2018ರ ಮಾರ್ಚ್‌ನಿಂದ ಮೇ ತನಕದ ಸಂಚಿಕೆ ತಿರುವಿ. ದಾವಣಗೆರೆ ಎಷ್ಟನೇ ಪುಟ, ಮಳವಳ್ಳಿ ಎಷ್ಟು ಕಾಲಂ, ತಿದ್ದಿಕೊಂಡದ್ದನ್ನೂ ಬರೆದರಾ ಇಲ್ಲವಾ, ಎಲ್ಲ ಗುರುತು ಹಾಕಿಕೊಳ್ಳಿ. ಲೆಕ್ಕ ನಿಮ್ಮ ವಾದಕ್ಕೆ ಉಲ್ಟಾ ಬಂದರೆ ಅದನ್ನೇ ಬರೆಯಿರಿ, ಇನ್ನೂ ಜಾಸ್ತಿ ಖುಷಿಯಿಂದ ಹಾಕುತ್ತೇನೆ. 800 ಪದ ಸಾಕು. ತಲೆಬರಹದಿಂದ ‘ಮಾರಿಕೊಂಡ’ ತೆಗೆಯಿರಿ, ಅದಕ್ಕೆ ರಸೀದಿ ನಮ್ಮಿಬ್ಬರ ಹತ್ತಿರವೂ ಇಲ್ಲ.

ಸಂಪಾದಕ,
ಮೈಸೂರು