ಪ್ರತಿಕ್ರಿಯೆ: ಎಣಿಕೆ ಸರಿಯಿದ್ದರೂ ಮಾಪ್ ಒಳಗೇ ಉಳಿಯುವುದು ಹೇಗೆ?

ಶಸ್ತ್ರಚಿಕಿತ್ಸೆಯ ಕೊನೆಯ ಎಣಿಕೆ ಸರಿ ಬಂದ ಮೇಲೂ ಹೊಟ್ಟೆಯಲ್ಲಿ ಮಾಪ್ (ರಕ್ತ ಹೀರಲು ಬಳಸುವ ಬಟ್ಟೆ) ಉಳಿಯುವುದು ಹೇಗೆ, ಓಟಿಯಲ್ಲಿ (ಆಪರೇಷನ್ ಥಿಯೇಟರ್) ಏನು ಬದಲಿಸಬೇಕು ಎಂದು ಕೇಳಿದ್ದೀರಿ. ಐದರ ಕಟ್ಟಿನಲ್ಲಿ ಆರು ಮಾಪ್ ಇದ್ದು, ಬಿಡಿಸಿ ನೋಡದೆ ಬೋರ್ಡಿನಲ್ಲಿ 5 ಎಂದು ಬರೆದರೆ, ಒಂದು ಒಳಗುಳಿದರೂ ಹೊರಗೆ ಐದು ಸಿಗುತ್ತವೆ. ಇಲ್ಲವೇ ಗಡಿಬಿಡಿಯಲ್ಲಿ ಒಂದನ್ನೇ ಎರಡು ಸಲ ಎಣಿಸಿರುತ್ತಾರೆ.

ಆದ್ದರಿಂದ ಸ್ಕ್ರಬ್ ನರ್ಸ್ (ಸರ್ಜನ್‌ಗೆ ಉಪಕರಣ ಕೊಡುವವರು) ಮತ್ತು ಸರ್ಕ್ಯುಲೇಟಿಂಗ್ ನರ್ಸ್ (ಓಟಿಯಲ್ಲಿ ಓಡಾಡಿ ಬೇಕಾದ್ದನ್ನು ಒದಗಿಸುವವರು) ಇಬ್ಬರೂ ಒಟ್ಟಿಗೆ, ಒಂದೊಂದನ್ನೂ ಬಿಡಿಸಿ, ಎಕ್ಸ್‌-ರೇಯಲ್ಲಿ ಕಾಣುವ ಪಟ್ಟಿ ಇದೆಯೇ ನೋಡಿ, ಗಟ್ಟಿಯಾಗಿ ಎಣಿಸಬೇಕು. ಕಟ್ಟಿನಲ್ಲಿ ಹೆಚ್ಚುಕಮ್ಮಿಯಿದ್ದರೆ ಇಡೀ ಕಟ್ಟನ್ನೇ ಬದಿಗಿಡಿ, ಸರಿಪಡಿಸಿ ಬಳಸುವ ಗೋಜು ಬೇಡ. ಬಳಸಿದವನ್ನು ಬಕೆಟ್ಟಿನಲ್ಲಿ ರಾಶಿ ಹಾಕದೆ, ಜೇಬುಗಳಿರುವ ಹೋಲ್ಡರಿನಲ್ಲಿ ಜೇಬಿಗೊಂದರಂತೆ ಇಟ್ಟರೆ ಖಾಲಿ ಜೇಬು ತಾನಾಗಿ ಕಣ್ಣಿಗೆ ಬೀಳುತ್ತದೆ. ಮಾಪನ್ನು ಕತ್ತರಿಸಲೇಬೇಡಿ.

ಎಣಿಸಬೇಕಾದದ್ದು ಶಸ್ತ್ರಚಿಕಿತ್ಸೆಯ ಆರಂಭದಲ್ಲಿ, ಗರ್ಭಕೋಶದಂಥ ಟೊಳ್ಳು ಅಂಗ ಹೊಲಿಯುವ ಮುನ್ನ, ಹೊಟ್ಟೆ ಮುಚ್ಚುವ ಮುನ್ನ, ಚರ್ಮ ಹೊಲಿಯುವಾಗ. ನಡುವೆ ನರ್ಸ್ ಬದಲಾದರೆ ಮತ್ತೊಮ್ಮೆ.

ಇದೆಲ್ಲ ನರ್ಸ್‌ಗಳ ಕೆಲಸವೆಂದು ಸರ್ಜನ್ ಕೈತೊಳೆದುಕೊಳ್ಳುವುದೇ ನನ್ನ ಪ್ರಕಾರ ದೊಡ್ಡ ಲೋಪ. ಎಣಿಕೆ ಸರಿಯಿದ್ದರೂ, ಮುಚ್ಚುವ ಮುನ್ನ ಯಕೃತ್ತಿನ ಮೇಲ್ಭಾಗ, ಗುಲ್ಮದ (ಸ್ಪ್ಲೀನ್) ಸುತ್ತ, ಕರುಳಿನ ಮಡಿಕೆಗಳ ನಡುವೆ, ಕಿಬ್ಬೊಟ್ಟೆಯ ತಳ, ಎಲ್ಲ ಕಡೆ ಕ್ರಮವಾಗಿ ಕೈಯಾಡಿಸಿ ನೋಡಬೇಕು.

ಲೆಕ್ಕ ತಪ್ಪಿತೇ? ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ ಹೊಲಿಗೆ ನಿಲ್ಲಿಸಿ ಗಾಯ, ಹೊದಿಕೆ ಬಟ್ಟೆ, ನೆಲ, ಕಸದ ಚೀಲ ಎಲ್ಲ ಹುಡುಕಿ. ಸಿಗದಿದ್ದರೆ ಓಟಿಯಿಂದ ಹೊರಡುವ ಮೊದಲೇ ಎಕ್ಸ್‌-ರೇ ತೆಗೆಸಿ. ಕಾಣೆಯಾದದ್ದು ಏನೆಂದು ಎಕ್ಸ್‌-ರೇ ಕೋರಿಕೆಯ ಚೀಟಿಯಲ್ಲಿ ಬರೆಯಿರಿ, ಏನನ್ನು ಹುಡುಕಬೇಕೆಂದು ಗೊತ್ತಿಲ್ಲದವರಿಗೆ ಮಡಚಿದ ಪಟ್ಟಿ ಸುಲಭಕ್ಕೆ ಗುರುತು ಸಿಗುವುದಿಲ್ಲ. 10 ಮಿ.ಮೀ.ಗಿಂತ ಚಿಕ್ಕ ಸೂಜಿ ಮಾತ್ರ ಎಕ್ಸ್‌-ರೇಯಲ್ಲೂ ತಪ್ಪಿಸಿಕೊಳ್ಳಬಹುದು.