ಸೆಂಟರ್‌ನನ್ನು ಆಚೆ ಕಳಿಸೋದು ಯಾಕೆ?

ಸರ್, ಐಸ್ ಹಾಕಿ ಪಂದ್ಯ ನೋಡಿ ‘ಲೈನ್ಸ್‌ಮನ್ ಪಕ್ ಬಿಡೋ ಮೊದಲೇ ಸೆಂಟರ್‌ನನ್ನು ಆಚೆ ಕಳಿಸಿದರು, ಪೆನಾಲ್ಟಿನೂ ಕೊಡಲಿಲ್ಲ, ಇದ್ಯಾವ ನ್ಯಾಯ’ ಅಂತ ಕೇಳಿದ್ದೀರಿ. ಟೊರಾಂಟೊಗೆ ಬಂದ ಹೊಸದರಲ್ಲಿ ನಾನೂ ಹೀಗೇ ತಲೆ ಕೆರೆದುಕೊಂಡಿದ್ದೆ. ಲೈನ್ಸ್‌ಮನ್ (ಸಹಾಯಕ ರೆಫರಿ) ಎರಡೂ ತಂಡಗಳ ಸೆಂಟರ್‌ಗಳ (ನಡುವೆ ಆಡುವವರ) ಮಧ್ಯೆ ಪಕ್ (ರಬ್ಬರ್ ಬಿಲ್ಲೆ) ಬಿಟ್ಟು ಆಟ ಶುರು ಮಾಡೋದೇ ಫೇಸ್‌ಆಫ್. ಆಚೆ ಅಂದರೆ ಆ ಫೇಸ್‌ಆಫ್‌ನಿಂದ ಮಾತ್ರ, ಅವನ ಬದಲು ಅದೇ ತಂಡದ ಇನ್ನೊಬ್ಬ ಬಂದು ನಿಲ್ಲುತ್ತಾನೆ. ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್) ಲೆಕ್ಕದಲ್ಲಿ ಹೇಳ್ತೀನಿ, ಮಕ್ಕಳ ಲೀಗ್‌ಗಳಲ್ಲಿ ಸ್ವಲ್ಪ ಬೇರೆ ಇರಬಹುದು.

ಮುಂದಿನ ಸಲ ಪಕ್ ನೋಡೋ ಬದಲು ಸ್ಟಿಕ್ ನೋಡಿ. ಯಾರು ಕೊನೆಗೆ ಸ್ಟಿಕ್ ಇಡುತ್ತಾನೋ ಅವನಿಗೇ ಲಾಭ. ಎದುರಾಳಿಯ ಸ್ಟಿಕ್‌ನ ಬ್ಲೇಡ್ (ಚಪ್ಪಟೆ ತುದಿ) ಯಾವ ಕಡೆ ತಿರುಗಿದೆ ಅಂತ ನೋಡಿಕೊಂಡು ತನ್ನದನ್ನು ಇಡಬಹುದು ಅಲ್ವಾ? ಹಾಗಾಗಿ ಇಬ್ಬರೂ ‘ನೀನಿಡು, ನೀನಿಡು’ ಅಂತ ಎಳೆದಾಡುತ್ತಾರೆ. 2015ರವರೆಗೆ ಎಲ್ಲ ಕಡೆ ಹೊರಗಿನಿಂದ ಬಂದ ತಂಡವೇ ಮೊದಲು ಇಡಬೇಕಿತ್ತು. ಈಗ ಆ ನಿಯಮ ಅಂಗಳದ ನಟ್ಟನಡುವಿನ ಚುಕ್ಕೆಗೆ (ಪಕ್ ಬಿಡುವ ಗುರುತಿಗೆ) ಮಾತ್ರ. ಉಳಿದ ಎಂಟು ಚುಕ್ಕೆಗಳಲ್ಲಿ ಡಿಫೆಂಡ್ ಮಾಡುವವನು ಮೊದಲು, ಆಮೇಲೆ ತಕ್ಷಣ ಅಟ್ಯಾಕ್ ಮಾಡುವವನು. ತಡ ಮಾಡಿದರೆ ಆಚೆ. ಗೋಲ್ ಹತ್ತಿರದ ಚುಕ್ಕೆಗಳ ಪಕ್ಕ ಮೂಲೆ ಮಡಚಿದ ಹಾಗೆ ಗೆರೆ ಎಳೆದಿರುತ್ತಾರೆ. ಸ್ಕೇಟ್ ಅದನ್ನು ದಾಟಿದರೂ ಆಚೆ.

ಟಿವಿಯಲ್ಲಿ ಕಣ್ಣಿಗೆ ಬೀಳದ್ದು ಇನ್ನೊಂದಿದೆ. ಪಕ್ ಬೀಳೋ ಮೊದಲು ವಿಂಗರ್ (ಬದಿಯಲ್ಲಿ ಆಡುವವನು) ಚುಕ್ಕೆಯ ಸುತ್ತಲಿನ ವೃತ್ತದೊಳಗೆ ನುಗ್ಗಿದರೂ ಆಚೆ ಹೋಗೋದು ಸೆಂಟರೇ! ನೀವು ನೋಡಿದ್ದೂ ಇದೇ ಇರಬಹುದು. ಪಾಪ, ಅವನು ಸುಮ್ನೆ ಬಗ್ಗಿ ನಿಂತಿರುತ್ತಾನೆ.

ಪೆನಾಲ್ಟಿ ಇಲ್ಲವೇ ಇಲ್ಲ ಅಂತಲ್ಲ. ಅದೇ ಫೇಸ್‌ಆಫ್‌ನಲ್ಲಿ ಅದೇ ತಂಡ ಎರಡನೇ ಸಲ ತಪ್ಪು ಮಾಡಿದರೆ 2 ನಿಮಿಷ ಒಬ್ಬ ಕಡಿಮೆ. ಅದಕ್ಕೇ ಬದಲಿಗೆ ಬಂದವನು ಮೈಯೆಲ್ಲ ಬಿಗಿಹಿಡಿದು ನಿಂತಿರೋದು. ಐಸಿಂಗ್ (ತಮ್ಮ ಅರ್ಧದಿಂದ ಪಕ್ಕನ್ನು ಎದುರಾಳಿಯ ಗೋಲ್ ಗೆರೆಯಾಚೆ ಹೊಡೆದುಬಿಡೋದು) ಮಾಡಿದ ತಂಡದ ಸೆಂಟರ್‌ಗೆ ಮಾತ್ರ ಮೊದಲ ತಪ್ಪಿಗೆ ಎಚ್ಚರಿಕೆ ಅಷ್ಟೇ, ಆಚೆ ಕಳಿಸಲ್ಲ. ಐಸಿಂಗ್ ಆದ ಮೇಲೆ ಆ ತಂಡ ಆಟಗಾರರನ್ನು ಬದಲಿಸುವ ಹಾಗಿಲ್ಲ. ಸುಸ್ತಾದವರು ಬೇಕಂತಲೇ ತಪ್ಪು ಮಾಡಿ, ಸೆಂಟರ್‌ನ ಅದಲುಬದಲಿನಲ್ಲಿ ದಣಿವಾರಿಸಿಕೊಳ್ಳುತ್ತಿದ್ದರು. ಆ ಉಪಾಯಕ್ಕೆ ಹಾಕಿದ ಬೀಗ ಇದು.

ಇಷ್ಟೆಲ್ಲ ಇದ್ದರೂ ಲೈನ್ಸ್‌ಮನ್ ಎಲ್ಲವನ್ನೂ ಹಿಡಿಯೋದಿಲ್ಲ. 2017ರ ಸೀಸನ್‌ಗೆ ಮುಂಚಿನ ಅಭ್ಯಾಸ ಪಂದ್ಯಗಳಲ್ಲಿ ಈ ನಿಯಮಗಳನ್ನು ಪುಸ್ತಕದಲ್ಲಿದ್ದ ಹಾಗೇ ಜಾರಿ ಮಾಡಲು ಹೋದರು. ಸೆಂಟರ್‌ಗಳು ಒಬ್ಬರ ಹಿಂದೊಬ್ಬರು ಆಚೆ ಹೋಗಿ ಗಲಾಟೆಯೋ ಗಲಾಟೆ. ನನ್ನ ಕೇಳಿದರೆ, ಮೊದಲ ಪೀರಿಯಡ್‌ನಲ್ಲೇ ಒಂದೆರಡು ಸಲ ಗಟ್ಟಿಯಾಗಿ ಹಿಡಿಯೋ ಲೈನ್ಸ್‌ಮನ್ ಜಾಣ. ಆಮೇಲೆ ಎಲ್ಲರೂ ತಾವಾಗಿಯೇ ಸರಿಯಾಗಿ ನಿಲ್ಲುತ್ತಾರೆ.

ಭಾನುವಾರ ರಾತ್ರಿ ನಾವು ಆಡೋ ಹವ್ಯಾಸಿ ಪಂದ್ಯದಲ್ಲಿ ಒಮ್ಮೆ ನಮ್ಮ ಸೆಂಟರ್ ಆಚೆ ಹೋಗಿ ನಾನು ಚುಕ್ಕೆಗೆ ಬಂದೆ. ಎರಡನೇ ತಪ್ಪು ನನ್ನ ತಲೆಗೇ ಬರುತ್ತೆ ಅನ್ನೋ ಭಯ ಬೇರೆ. ಸ್ಟಿಕ್ ಇಟ್ಟು, ಪಾದ ಗೆರೆಯ ಹಿಂದಿದೆಯಾ ಅಂತ ಬಗ್ಗಿ ನೋಡಿದೆ. ತಲೆ ಎತ್ತುವಷ್ಟರಲ್ಲಿ ಪಕ್ ನಮ್ಮ ಗೋಲ್‌ಕೀಪರ್ ಹತ್ತಿರ ಇತ್ತು.