ಮಕ್ಕಳನ್ನೂ ಕೊಂದದ್ದು ನಿಜವಾ? ಮಾರ್ಕೋವಾ ಊರಿನ ಉಲ್ಮಾ ಕುಟುಂಬ

ಪೋಲೆಂಡಿನಲ್ಲಿ ಯಹೂದಿಗಳನ್ನು ಬಚ್ಚಿಟ್ಟವರ ಮಕ್ಕಳನ್ನೂ ನಾಜಿಗಳು ಕೊಂದರು ಅನ್ನೋದು ನಿಜವಾ, ಸುಮ್ನೆ ಕಟ್ಟಿದ ಕಥೆನಾ ಅಂತ ಕೇಳಿದ್ದೀರಿ. ನಿಜವೇ.

1941ರ ಅಕ್ಟೋಬರ್ 15ರಂದು ಜರ್ಮನ್ ಹಿಡಿತದಲ್ಲಿದ್ದ ಪೋಲೆಂಡಿನ ನಾಜಿ ಗವರ್ನರ್ ಹಾನ್ಸ್ ಫ್ರಾಂಕ್ ಒಂದು ಆಜ್ಞೆ ಹೊರಡಿಸಿದ. ಗೆಟ್ಟೋ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿ, ಬಿಟ್ಟು ಹೊರಬಂದ ಯಹೂದಿಗೂ ಸಾವು, ಗೊತ್ತಿದ್ದೂ ಜಾಗ ಕೊಟ್ಟವರಿಗೂ ಸಾವು. ಆದರೂ ಮಾರ್ಕೋವಾ ಹಳ್ಳಿಯ ಯೂಜೆಫ್ ಮತ್ತು ವಿಕ್ಟೋರಿಯಾ ಉಲ್ಮಾ ಎಂಟು ಜನ ಯಹೂದಿಗಳನ್ನು ಮನೆಯಲ್ಲಿ ಬಚ್ಚಿಟ್ಟುಕೊಂಡರು. ದನದ ವ್ಯಾಪಾರಿ ಸಾವುಲ್ ಗೋಲ್ಡ್‌ಮನ್, ಅವರ ನಾಲ್ಕು ಗಂಡುಮಕ್ಕಳು, ನಂಟರ ಪೈಕಿ ಇಬ್ಬರು ಹೆಂಗಸರು, ಒಂದು ಪುಟ್ಟ ಹುಡುಗಿ. ಯೂಜೆಫ್ ರೈತ. ಹಣ್ಣಿನ ಗಿಡ, ರೇಷ್ಮೆಹುಳು ಸಾಕುತ್ತಿದ್ದ. ಫೋಟೋ ತೆಗೆಯುವ ಹುಚ್ಚು ಬೇರೆ.

ಸುಳಿವು ಕೊಟ್ಟವನು ಬಹುಶಃ ಒಬ್ಬ ಪೋಲಿಷ್ ಪೊಲೀಸನೇ. ಗೋಲ್ಡ್‌ಮನ್ ಕುಟುಂಬದ ಆಸ್ತಿಯ ಮೇಲೆ ಅವನಿಗೆ ಕಣ್ಣಿತ್ತು ಅಂತಾರೆ. ಇದೇ ನನಗೆ ಜಾಸ್ತಿ ಸಂಕಟ ಕೊಡೋದು.

1944ರ ಮಾರ್ಚ್ 24ರ ನಸುಕಿನಲ್ಲಿ ಜರ್ಮನ್ ಪೊಲೀಸರು ಬಂದರು. ಮೊದಲು ಗೋಲ್ಡ್‌ಮನ್ ಕಡೆಯವರನ್ನು ಕೊಂದರು, ಆಮೇಲೆ ಯೂಜೆಫ್, ತುಂಬು ಬಸುರಿ ವಿಕ್ಟೋರಿಯಾ. ಕೊನೆಗೆ ಅವರ ಆರು ಮಕ್ಕಳು. ದೊಡ್ಡವಳಿಗೆ ಎಂಟು ವರ್ಷ ಕೂಡ ಆಗಿರಲಿಲ್ಲ. ಅಟ್ಟದಲ್ಲಿ ಗುಂಡು ತಿಂದವರ ರಕ್ತ ಕೆಳಗೆ ತೊಟ್ಟಿಕ್ಕಿ ಕಲೆಯಾದ ಒಂದು ಫೋಟೋ ಈಗಲೂ ಉಳಿದಿದೆ.

ಊರವರನ್ನು ಹೆದರಿಸೋದೇ ಉದ್ದೇಶ ಅಲ್ವಾ? ಆದರೆ ಅದೇ ಮಾರ್ಕೋವಾದ ಬೇರೆ ಮನೆಗಳಲ್ಲಿ ಅಡಗಿದ್ದ ಸುಮಾರು 20 ಯಹೂದಿಗಳು ಯುದ್ಧ ಮುಗಿಯುವವರೆಗೂ ಬದುಕಿ ಉಳಿದರು. ಜಾಗ ಕೊಟ್ಟವರು ಅವರನ್ನು ಹೊರಗೆ ಹಾಕಲಿಲ್ಲ. ಹೆಚ್ಚು ತಿಳಿಯಬೇಕಿದ್ದರೆ ಆ ಊರಲ್ಲೇ 2016ರಿಂದ ಒಂದು ಮ್ಯೂಸಿಯಂ ಇದೆ.